ಒಂದು ದಿನಾಂಕ, ಒಂದು ಹೊಳೆ: ಊರ ವಾಚನಾಲಯದಲ್ಲಿ ಸ್ಮೆತನಾ ಸ್ಮರಣೆ ನಡೆಸುವ ಬಗೆ

ಕಾಸರಗೋಡಿನ ಹಳ್ಳಿಗಳ ವಾಚನಾಲಯಗಳಲ್ಲಿ ಸ್ಮರಣ ದಿನಗಳಿಗೆ ಕೊರತೆಯಿಲ್ಲ. ಮಾರ್ಚ್ 23ಕ್ಕೆ ಮಂಜೇಶ್ವರದ ಗೋವಿಂದ ಪೈಗಳ ಜನ್ಮದಿನ, ಜೂನ್ 8ಕ್ಕೆ ಕಯ್ಯಾರ ಕಿಞ್ಞಣ್ಣ ರೈಗಳ ಜನ್ಮದಿನ, ಜೂನ್ 19ಕ್ಕೆ ಕೇರಳದ ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ಅವರ ನೆನಪಿನ ವಾಚನಾ ದಿನ ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ದೀಪ ಬೆಳಗಿಸಿ, ಭಾವಚಿತ್ರಕ್ಕೆ ಹೂಹಾರ ಹಾಕಿ, ಸ್ವಾಗತ, ಅಧ್ಯಕ್ಷ ಭಾಷಣ, ಧನ್ಯವಾದಗಳನ್ನು ಮುಗಿಸಿ ಎದ್ದು ಬರುವಾಗ, ನೆನಪಿಸಿಕೊಂಡ ವ್ಯಕ್ತಿ ಬರೆದ ಒಂದು ಸಾಲನ್ನೂ ಯಾರೂ ಓದಿರದ ಸಂಜೆಗಳನ್ನು ನಾನು ಹಲವು ಕಂಡಿದ್ದೇನೆ. ಒಂದು ಸ್ಮರಣೆಯನ್ನು ಸರಿಯಾಗಿ ನಡೆಸುವುದೆಂದರೆ ದಿನಾಂಕವನ್ನು ಪರೀಕ್ಷಿಸಿ ತಿಳಿಯುವುದು, ಬದುಕನ್ನು ಹತ್ತು ನಿಮಿಷಗಳಲ್ಲಿ ಹೇಳುವುದು, ಆ ಬದುಕಿನಿಂದ ಬಂದ ಒಂದು ಕೃತಿಯನ್ನು ಎಲ್ಲರೂ ಕೂತು ಪೂರ್ತಿಯಾಗಿ ಅನುಭವಿಸುವುದು. ಈ ಮೂರನ್ನು ಹೇಗೆ ಮಾಡಬಹುದೆಂಬುದನ್ನು ಚೆಕ್ ಸಂಗೀತಕಾರ ಬೆದ್ರ್ಜಿಖ್ ಸ್ಮೆತನಾನ ಉದಾಹರಣೆಯಿಂದ ಇಲ್ಲಿ ವಿವರಿಸುತ್ತೇನೆ.

ಅಷ್ಟು ದೂರದವನೇ ಏಕೆ ಎಂಬ ಪ್ರಶ್ನೆ ನಿಮ್ಮ ಸಮಿತಿಯ ಸಭೆಯಲ್ಲೂ ಬರುತ್ತದೆ. ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಳ್ಳಿರಿ. ಸ್ಮೆತನಾ ಹುಟ್ಟಿದ ಬೊಹಿಮಿಯ ಆಗ ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ ಜರ್ಮನ್, ಕಚೇರಿಯ ಭಾಷೆ ಜರ್ಮನ್, ಅವನು ತನಗಾಗಿಯೇ ಬರೆದುಕೊಳ್ಳುತ್ತಿದ್ದ ದಿನಚರಿಯ ಭಾಷೆಯೂ ಜರ್ಮನ್. ಚೆಕ್ ಭಾಷೆಯನ್ನು ತಪ್ಪಿಲ್ಲದೆ ಬರೆಯಲು ಅವನು ಶ್ರಮಪಟ್ಟು ಕಲಿತದ್ದು ನಲವತ್ತರ ಆಸುಪಾಸಿನಲ್ಲಿ. ಅಂಥವನೇ ಮುಂದೆ ಚೆಕ್ ರಾಷ್ಟ್ರೀಯ ಸಂಗೀತದ ಮೂಲಪುರುಷನೆನಿಸಿದ. ಮನೆಯಲ್ಲಿ ಕನ್ನಡವೋ ತುಳುವೋ ಹವ್ಯಕವೋ ಆಡಿ, ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡ ಅಕ್ಷರಗಳನ್ನು ಕೂಡಿಸಿ ಓದುವ ಮಕ್ಕಳಿರುವ ನಮ್ಮ ಊರುಗಳಲ್ಲಿ ಈ ಒಂದು ಸಂಗತಿಯೇ ಸಾಕು.

ಇನ್ನು ದಿನದ ಆಯ್ಕೆ. ಸ್ಮೆತನಾ ಹುಟ್ಟಿದ್ದು 1824ರ ಮಾರ್ಚ್ 2ರಂದು. ಆದರೆ ಮಾರ್ಚ್ ತಿಂಗಳು ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲವಾದುದರಿಂದ ಮಕ್ಕಳನ್ನು ಕರೆಯುವಂತಿಲ್ಲ. 'ಮಾ ವ್ಲಾಸ್ತ್', ಅಂದರೆ 'ನನ್ನ ನಾಡು' ಎಂಬ ಅವನ ಆರು ಕೃತಿಗಳ ಮಾಲೆ ಪ್ರಾಗ್‌ನಲ್ಲಿ ಮೊದಲ ಬಾರಿಗೆ ಒಟ್ಟಾಗಿ ನುಡಿಸಲ್ಪಟ್ಟದ್ದು 1882ರ ನವೆಂಬರ್ 5ರಂದು. ಈ ದಿನಾಂಕದ ಮೇಲೆ ನನಗೆ ವಿಶೇಷ ಮಮತೆಯಿದೆ, ಏಕೆಂದರೆ ಅದು ನವೆಂಬರ್ 1ರ ವಾರದಲ್ಲೇ ಬೀಳುತ್ತದೆ. 1956ರ ಆ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅತ್ತ ರಾಜ್ಯೋತ್ಸವ, ಇತ್ತ ಕೇರಳ ಪಿರವಿ ಎಂಬ ಕೇರಳದ ಹುಟ್ಟುದಿನ, ನಡುವೆ ನಾವು. 'ನನ್ನ ನಾಡು' ಎಂಬ ಮಾತು ಆ ವಾರದಲ್ಲಿ ನಮ್ಮ ಕಿವಿಗೆ ಬೇರೆಯೇ ರೀತಿಯಲ್ಲಿ ಬೀಳುತ್ತದೆ. ಆದರೂ ಮೊದಲ ಬಾರಿಗೆ ನಡೆಸುವವರಿಗೆ ನಾನು ಸೂಚಿಸುವುದು ಸ್ಮೆತನಾ ತೀರಿಕೊಂಡ ದಿನವಾದ ಮೇ 12. ಶಾಲೆಗೆ ರಜೆ ಇರುತ್ತದೆ, ಮಳೆಗಾಲ ಇನ್ನೂ ಹಿಡಿದಿರುವುದಿಲ್ಲ. ಅದೇ ದಿನ ಪ್ರಾಗ್‌ನಲ್ಲಿ ಪ್ರತಿವರ್ಷ 'ಪ್ರಾಗ್ ವಸಂತ' ಸಂಗೀತೋತ್ಸವವು 'ನನ್ನ ನಾಡು' ಮಾಲೆಯಿಂದಲೇ ಆರಂಭವಾಗುತ್ತದೆ ಎಂಬುದನ್ನೂ ಸಭಿಕರಿಗೆ ಹೇಳಬಹುದು.

ದಿನಾಂಕದ ಪರೀಕ್ಷೆಯನ್ನು ದಯವಿಟ್ಟು ಹಗುರವಾಗಿ ನೋಡಬೇಡಿರಿ. ಕವಿಗಳ, ಅರಸರ ಕಾಲನಿರ್ಣಯಕ್ಕಾಗಿ ಅಷ್ಟೊಂದು ವರ್ಷಗಳನ್ನು ಕೊಟ್ಟ ಗೋವಿಂದ ಪೈಗಳ ನೆಲದಲ್ಲಿ ವಾಟ್ಸಾಪ್ ಸಂದೇಶವನ್ನು ನಂಬಿ ಫಲಕ ಬರೆಯುವುದು ತರವಲ್ಲ. 2014ರ ಜೂನ್ ತಿಂಗಳಲ್ಲಿ ನಮ್ಮ ವಾಚನಾಲಯದ ಕರಿಹಲಗೆಯ ಮೇಲೆ ನಾನೇ ಬಣ್ಣದ ಸೀಮೆಸುಣ್ಣದಲ್ಲಿ 'ನೂರು ತುಂಬಿದ ಕಯ್ಯಾರರಿಗೆ ನಮನ' ಎಂದು ಬರೆದಿದ್ದೆ. ಪತ್ರಿಕೆ ಓದಲು ಬಂದ ನಿವೃತ್ತ ಮಾಷ್ಟ್ರೊಬ್ಬರು ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, "ತುಂಬಿದ್ದು ತೊಂಬತ್ತೊಂಬತ್ತು ಮಾರಾಯಾ, ನೂರಕ್ಕೆ ಕಾಲಿಟ್ಟದ್ದು ಅಷ್ಟೇ" ಎಂದರು. ಕಯ್ಯಾರರು ಹುಟ್ಟಿದ್ದು 1915ರಲ್ಲಿ. 2014ರ ಜೂನ್ 8ಕ್ಕೆ ಆರಂಭವಾದದ್ದು ನೂರನೆಯ ವರ್ಷ, ಅದು ತುಂಬಿದ್ದು 2015ರ ಜೂನ್ 8ಕ್ಕೆ. ಅವರು ತೀರಿಕೊಂಡದ್ದು ಅದಾದ ಎರಡು ತಿಂಗಳಿಗೆ, ಆಗಸ್ಟ್ 9ರಂದು. ಅಂದಿನಿಂದ ನಾನು ಪಾಲಿಸುವ ಕ್ರಮವೆಂದರೆ, ಫಲಕದಲ್ಲಿ 'ನೂರನೆಯ', 'ನೂರೈವತ್ತನೆಯ' ಎಂಬ ಪದಗಳನ್ನು ಬರೆಯುವ ಮೊದಲು ಎರಡು ಇಸವಿಗಳನ್ನೂ ಕಾಗದದ ಮೇಲೆ ಬರೆದು ಕಳೆಯುವುದು, ಮತ್ತು 'ತುಂಬಿತು' ಎನ್ನಬೇಕೋ 'ಕಾಲಿಟ್ಟಿತು' ಎನ್ನಬೇಕೋ ಎಂಬುದನ್ನು ಆಮೇಲೆ ತೀರ್ಮಾನಿಸುವುದು. ಸ್ಮೆತನಾನಿಗೆ 200 ತುಂಬಿದ್ದು 2024ರ ಮಾರ್ಚ್ 2ರಂದು. ಅವನು ತೀರಿಕೊಂಡು 150 ವರ್ಷ ತುಂಬುವುದು 2034ರ ಮೇ 12ರಂದು. ನಿಮ್ಮ ವಾಚನಾಲಯದ ದಿನದರ್ಶಿಯಲ್ಲಿ ಅದನ್ನು ಈಗಲೇ ಗುರುತು ಹಾಕಿಡಬಹುದು.

ಲೆಕ್ಕ ಸರಿಯಿದ್ದರೂ ಪಂಚಾಂಗ ತಪ್ಪಿಸುವುದುಂಟು. ಪುರಂದರದಾಸರ ಆರಾಧನೆಯನ್ನು ನಾವು ಪುಷ್ಯ ಅಮಾವಾಸ್ಯೆಯಂದು ಮಾಡುವುದರಿಂದ ಇಂಗ್ಲಿಷ್ ತಾರೀಖು ವರ್ಷವರ್ಷವೂ ಸರಿದಾಡುತ್ತದೆ. ಯುರೋಪಿನಲ್ಲಿ ತಿಥಿಯ ತೊಡಕಿಲ್ಲ, ಆದರೆ ಹಳೆಯ ಜೂಲಿಯನ್ ಮತ್ತು ಹೊಸ ಗ್ರೆಗೋರಿಯನ್ ಎಂಬ ಎರಡು ಕ್ಯಾಲೆಂಡರುಗಳ ತೊಡಕಿದೆ. ರಷ್ಯದ ಅಕ್ಟೋಬರ್ ಕ್ರಾಂತಿಯ ದಿನ ಹೊಸ ಕ್ಯಾಲೆಂಡರಿನಲ್ಲಿ 1917ರ ನವೆಂಬರ್ 7 ಆಗುವುದು ಇದರಿಂದಲೇ. ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ 1616ರ ಏಪ್ರಿಲ್ 23ರ ಒಂದೇ ದಿನ ತೀರಿಕೊಂಡರೆಂದು ಪುಸ್ತಕ ದಿನಾಚರಣೆಯ ಭಾಷಣಗಳಲ್ಲಿ ಕೇಳುತ್ತೇವೆ. ಇಂಗ್ಲೆಂಡ್ ಆಗ ಹಳೆಯ ಕ್ಯಾಲೆಂಡರನ್ನೂ ಸ್ಪೇನ್ ಹೊಸದನ್ನೂ ಬಳಸುತ್ತಿದ್ದುದರಿಂದ ಆ ಎರಡು ಸಾವುಗಳ ನಡುವೆ ಹತ್ತಕ್ಕಿಂತ ಹೆಚ್ಚು ದಿನಗಳ ಅಂತರವಿದೆ. ಬೊಹಿಮಿಯ ಹದಿನಾರನೆಯ ಶತಮಾನದಲ್ಲೇ ಹೊಸ ಕ್ಯಾಲೆಂಡರಿಗೆ ಬಂದದ್ದರಿಂದ ಸ್ಮೆತನಾನ ತಾರೀಖುಗಳನ್ನು ಇದ್ದಂತೆಯೇ ಬರೆಯಬಹುದು. ಎಚ್ಚರ ಬೇಕಾದದ್ದು ಇನ್ನೊಂದು ಕಡೆ. 'ಪ್ರಾಗ್ ವಸಂತ' ಎಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು 1968ರ ರಾಜಕೀಯ ಚಳವಳಿ ಮತ್ತು ಆಗಸ್ಟ್‌ನಲ್ಲಿ ಅದನ್ನು ಹತ್ತಿಕ್ಕಲು ಬಂದ ಸೋವಿಯತ್ ಟ್ಯಾಂಕುಗಳು. ಸಂಗೀತೋತ್ಸವ ಅದಕ್ಕಿಂತ ಹಳೆಯದು, 1946ರಲ್ಲಿ ಆರಂಭವಾದದ್ದು.

ಹೆಸರುಗಳ ವಿಷಯದಲ್ಲೂ ಅಷ್ಟೇ ಕಾಳಜಿ ಬೇಕು. ಮಂಜೇಶ್ವರವನ್ನು 'ಮಂಜೇಶ್ವರಂ' ಎಂದು ಬೋರ್ಡಿನಲ್ಲಿ ಕಂಡಾಗ ನಮಗಾಗುವ ನೋವು ನಮಗೆ ಗೊತ್ತಿರುವುದರಿಂದ, ಇನ್ನೊಬ್ಬರ ಊರಿನ ಹೆಸರನ್ನು ಅವರು ಕರೆಯುವಂತೆಯೇ ಬರೆಯಲು ಪ್ರಯತ್ನಿಸುವುದು ನಮ್ಮ ಕರ್ತವ್ಯ. ಚೆಕ್ ಭಾಷೆಯ ತ-ದಗಳು ಇಂಗ್ಲಿಷಿನವುಗಳಿಗಿಂತ ನಮ್ಮ ತ-ದಗಳಿಗೆ ಹತ್ತಿರ. ಆದುದರಿಂದ 'ಸ್ಮೆಟಾನಾ' ಎನ್ನದೆ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು 'ಸ್ಮೆತನಾ' ಎನ್ನಿರಿ. ಅವನು ಹುಟ್ಟಿದ ಊರು ಲಿತೊಮಿಶ್ಲ್. ಅವನ ಹೊಳೆ ವ್ಲ್ತವ; 'ನನ್ನ ನಾಡು' ಮಾಲೆಯಲ್ಲಿ ಆ ಹೊಳೆಯನ್ನು ಕುರಿತ ಕೃತಿಗೂ ಅದೇ ಹೆಸರು. ಅದೇ ಹೊಳೆಗೆ ಜರ್ಮನ್ ಹೆಸರು ಮೊಲ್ದಾವ್. ಧ್ವನಿಮುದ್ರಿಕೆಗಳ ಮೇಲೆ ಎರಡೂ ಹೆಸರು ಕಾಣುವುದರಿಂದ ಅವು ಎರಡು ಕೃತಿಗಳೆಂದು ಭ್ರಮಿಸಬಾರದು. ಚಾರ್ಟ್ ಪೇಪರಿನಲ್ಲಿ ಚೆಕ್ ಹೆಸರನ್ನು ಮುಖ್ಯವಾಗಿ ಬರೆದು ಜರ್ಮನ್ ಹೆಸರನ್ನು ಕೆಳಗೆ ಸಣ್ಣದಾಗಿ ಬರೆದರೆ ಸಾಕು.

ಬದುಕನ್ನು ಹೇಳುವವರು ಒಬ್ಬರೇ ಇರಲಿ, ಹತ್ತು ನಿಮಿಷ ಮೀರದಿರಲಿ. ಇಸವಿಗಳನ್ನು ಒಂದರ ಹಿಂದೊಂದು ಓದಿದರೆ ಯಾರ ಮನಸ್ಸಿನಲ್ಲೂ ಏನೂ ನಿಲ್ಲುವುದಿಲ್ಲ. ಮೂರು ಘಟ್ಟಗಳನ್ನು ಆಯ್ದುಕೊಂಡು ಅವುಗಳಲ್ಲಿ ನಿಲ್ಲಬೇಕು. ಲಿತೊಮಿಶ್ಲ್‌ನ ಅರಮನೆಯ ಬಿಯರ್ ತಯಾರಿಕೆಯ ಗುತ್ತಿಗೆದಾರನ ಮಗನಾಗಿ ಹುಟ್ಟಿ, ಆರನೆಯ ವಯಸ್ಸಿನಲ್ಲೇ ಸಭೆಯಲ್ಲಿ ಪಿಯಾನೊ ನುಡಿಸಿದನೆಂಬುದನ್ನು ಒಂದು ವಾಕ್ಯದಲ್ಲಿ ಮುಗಿಸಬಹುದು. 1848ರಲ್ಲಿ ಪ್ರಾಗ್‌ನ ಬೀದಿಗಳಲ್ಲಿ ಜನ ದಂಗೆಯೆದ್ದಾಗ ಅವರ ಜತೆಗಿದ್ದನೆಂಬುದನ್ನೂ, ಅದೇ ವರ್ಷ ಸಂಗೀತಶಾಲೆ ತೆರೆದನೆಂಬುದನ್ನೂ ಬೇಗನೆ ದಾಟಬಹುದು.

ನಿಲ್ಲಬೇಕಾದ ಮೊದಲ ಘಟ್ಟ 1854ರಿಂದ 1856ರವರೆಗಿನದು. ಆ ಮೂರು ವರ್ಷಗಳಲ್ಲಿ ಅವನ ನಾಲ್ವರು ಹೆಣ್ಣುಮಕ್ಕಳಲ್ಲಿ ಮೂವರು ತೀರಿಕೊಂಡರು. ಹಿರಿಯಳಾದ ಬೆದ್ರ್ಜಿಷ್ಕ 1855ರಲ್ಲಿ ಸಾಯುವಾಗ ನಾಲ್ಕು ವರ್ಷದವಳು. ಎಳೆಯ ವಯಸ್ಸಿನಲ್ಲೇ ಸಂಗೀತದ ಒಲವು ತೋರಿದ ಮಗು. ಅವಳ ನೆನಪಿಗಾಗಿ ಅವನು ಪಿಯಾನೊ, ಪಿಟೀಲು, ಚೆಲ್ಲೊ ಮೂರು ವಾದ್ಯಗಳಿಗೆ ಬರೆದ ಕೃತಿ ಇಂದಿಗೂ ಕಛೇರಿಗಳಲ್ಲಿ ಜೀವಂತವಾಗಿದೆ. ಮರುವರ್ಷ ಅವನು ಊರು ಬಿಟ್ಟು ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದ. ಅಲ್ಲಿನ ಹವೆ ಒಗ್ಗದ ಹೆಂಡತಿ ಕತೆರ್ಜಿನಾ 1859ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ಡ್ರೆಸ್ಡೆನ್‌ನಲ್ಲಿ ಕಣ್ಣುಮುಚ್ಚಿದಳು.

ಎರಡನೆಯದು ರಂಗಮಂದಿರದ ಕಥೆ, ನಮ್ಮ ಸಭಿಕರಿಗೆ ಬಹಳ ಹಿಡಿಸುವಂಥದು. 1860ರ ದಶಕದಲ್ಲಿ ಹ್ಯಾಬ್ಸ್‌ಬರ್ಗ್ ಆಳ್ವಿಕೆಯ ಬಿಗಿ ಸಡಿಲವಾದಾಗ ಚೆಕ್ ಭಾಷೆಯ ನಾಟಕ-ಸಂಗೀತಗಳಿಗಾಗಿ 1862ರ ನವೆಂಬರ್ 18ರಂದು ಪ್ರಾಗ್‌ನಲ್ಲಿ ತಾತ್ಕಾಲಿಕ ರಂಗಮಂದಿರವೊಂದು ತೆರೆಯಿತು. ಸ್ಮೆತನಾನ ಅತ್ಯಂತ ಜನಪ್ರಿಯ ಸಂಗೀತನಾಟಕ, ಹಳ್ಳಿಯ ಮದುವೆಯೊಂದರ ಕಥೆಯಾದ 'ಮಾರಾಟವಾದ ಮದುಮಗಳು' 1866ರ ಮೇ 30ರಂದು ಮೊದಲು ಪ್ರದರ್ಶನಗೊಂಡದ್ದು ಅಲ್ಲಿಯೇ. ಅದೇ ವರ್ಷ ಅವನು ಆ ರಂಗಮಂದಿರದ ವಾದ್ಯವೃಂದದ ಮುಖ್ಯ ನಿರ್ದೇಶಕನೂ ಆದ. ಆಗ ಆ ವಾದ್ಯವೃಂದದಲ್ಲಿ ವಿಯೋಲ ನುಡಿಸುತ್ತಿದ್ದ ತರುಣ ಮುಂದೆ ಲೋಕಪ್ರಸಿದ್ಧನಾದ ಅಂತೊನಿನ್ ದ್ವೊರ್ಜಾಕ್. ಜನರೇ ಹಣ ಕೂಡಿಸಿ ಕಟ್ಟಿದ ಶಾಶ್ವತ ರಾಷ್ಟ್ರೀಯ ರಂಗಮಂದಿರ 1881ರ ಜೂನ್ 11ರಂದು ಸ್ಮೆತನಾನ 'ಲಿಬುಶೆ' ಎಂಬ ಸಂಗೀತನಾಟಕದಿಂದ ಆರಂಭವಾಗಿ, ಆಗಸ್ಟ್ 12ರಂದು ಬೆಂಕಿಗೆ ಆಹುತಿಯಾಯಿತು. ಜನ ಮತ್ತೆ ಹಣ ಕೂಡಿಸಿದರು. 1883ರ ನವೆಂಬರ್ 18ರಂದು, ಹಳೆಯ ರಂಗಮಂದಿರ ತೆರೆದ ತಾರೀಖಿನಂದೇ, ಅದೇ 'ಲಿಬುಶೆ'ಯೊಡನೆ ಬಾಗಿಲು ಮತ್ತೆ ತೆರೆಯಿತು. ರಂಗದ ನೆತ್ತಿಯ ಮೇಲೆ ಕೆತ್ತಿರುವ ಎರಡು ಪದಗಳ ಅರ್ಥ 'ನಾಡು ತನಗಾಗಿ'. ಈ ಭಾಗವನ್ನು ಹೇಳುವಾಗ ಅವಸರ ಮಾಡಬೇಡಿರಿ.

ಮೂರನೆಯ ಘಟ್ಟ ಕಿವಿಯದು. 1874ರ ಅಕ್ಟೋಬರ್ ತಿಂಗಳಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಅವನ ಎರಡೂ ಕಿವಿಗಳು ಪೂರ್ತಿ ಕೇಳಿಸದಾದವು. 'ವ್ಲ್ತವ' ಬರೆಯಲು ಆರಂಭಿಸಿದ್ದು ನವೆಂಬರ್ 20ಕ್ಕೆ, ಮುಗಿಸಿದ್ದು ಡಿಸೆಂಬರ್ 8ಕ್ಕೆ. ಈ ತಾರೀಖುಗಳನ್ನು ಸಭೆಯಲ್ಲಿ ಗಟ್ಟಿಯಾಗಿ, ನಿಧಾನವಾಗಿ ಓದಬೇಕು: ಈಗ ನಾವು ಕೇಳಲಿರುವ ಹೊಳೆಯ ಒಂದು ಹನಿ ಸದ್ದನ್ನೂ ಅದನ್ನು ಬರೆದವನ ಕಿವಿ ಕೇಳಿರಲಿಲ್ಲ. ಎರಡು ವರ್ಷಗಳ ಬಳಿಕ 'ನನ್ನ ಬದುಕಿನಿಂದ' ಎಂಬ ತಂತಿವಾದ್ಯಗಳ ಕೃತಿಯ ಕೊನೆಯ ಭಾಗದಲ್ಲಿ, ಸಂತೋಷದ ಓಟ ಹಠಾತ್ತನೆ ನಿಂತು, ಪಿಟೀಲು ಒಂದೇ ಎತ್ತರದ ಸ್ವರವನ್ನು ಎಳೆದು ಹಿಡಿಯುತ್ತದೆ. ತನ್ನ ಕಿವಿಯೊಳಗೆ ಮೊಳಗುತ್ತಿದ್ದ ಸ್ವರವನ್ನೇ ಅವನು ಹಾಗೆ ಬರೆದಿಟ್ಟ. ಸಮಯವಿದ್ದರೆ ಆ ಒಂದು ನಿಮಿಷವನ್ನು ಮಾತ್ರ ಕೇಳಿಸಬಹುದು. ಕೊನೆಯ ವಾರಗಳಲ್ಲಿ ಮನಸ್ಸು ಕೆಟ್ಟು ಪ್ರಾಗ್‌ನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡನೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಕಾಯಿಲೆಯ ಹೆಸರನ್ನು ಕುರಿತ ಚರ್ಚೆಗೆ ಈ ಸಂಜೆ ತಕ್ಕುದಲ್ಲ.

ಆಮೇಲೆ ಮಾತು ನಿಲ್ಲಿಸಿ ಕೃತಿಯನ್ನು ಕೇಳಿಸಬೇಕು. 'ನನ್ನ ನಾಡು' ಪೂರ್ತಿ ಒಂದೂಕಾಲು ಗಂಟೆ ಹಿಡಿಯುವುದರಿಂದ ಮೊದಲ ಸಲಕ್ಕೆ ಹನ್ನೆರಡು ನಿಮಿಷದ 'ವ್ಲ್ತವ' ಒಂದೇ ಸಾಕು. ಕೇಳಿಸುವ ಮೊದಲು ಕಥೆಯನ್ನು ಎರಡು ನಿಮಿಷದಲ್ಲಿ ಹೇಳಿರಿ, ನಮ್ಮ ಪಯಸ್ವಿನಿಯನ್ನು ಮುಂದಿಟ್ಟುಕೊಂಡೇ ಹೇಳಿರಿ. ಕೊಡಗಿನ ಮಲೆಯಲ್ಲಿ ಹುಟ್ಟಿ, ಸುಳ್ಯದ ಪೇಟೆಯ ಬದಿಯಿಂದ ಇಳಿದು, ಗಡಿ ದಾಟಿ, ಚಂದ್ರಗಿರಿ ಎಂಬ ಹೆಸರಿನಲ್ಲಿ ಕೋಟೆಯ ಬುಡದಲ್ಲಿ ಅಗಲವಾಗಿ ಹರಿದು ಸಮುದ್ರ ಸೇರುವ ಹೊಳೆಯನ್ನು ಬಲ್ಲ ಮಕ್ಕಳಿಗೆ ಈ ಸಂಗೀತದ ದಾರಿ ತಾನಾಗಿ ತಿಳಿಯುತ್ತದೆ. ಆರಂಭದಲ್ಲಿ ಒಂಟಿ ಕೊಳಲು ಸುಳಿಯುತ್ತದೆ, ಇನ್ನೊಂದು ಕೊಳಲು ಅದಕ್ಕೆ ಹೆಣೆದುಕೊಳ್ಳುತ್ತದೆ, ತಂತಿಗಳನ್ನು ಮೀಟಿದ ಸದ್ದು ಹನಿಯಂತೆ ಬೀಳುತ್ತದೆ: ಇದು ತಣ್ಣನೆಯ ಒರತೆ. ಕ್ಲಾರಿನೆಟ್ಟುಗಳು ಬಂದಾಗ ಬೆಚ್ಚಗಿನ ಒರತೆ. ಎರಡೂ ಕೂಡಿ ನೀರು ತುಂಬಿದ ಮೇಲೆ ಪಿಟೀಲುಗಳು ಹೊಳೆಯ ಮುಖ್ಯ ರಾಗವನ್ನು ಎತ್ತಿಕೊಳ್ಳುತ್ತವೆ. ಸಂಗೀತ ಕಲಿಯುವ ಮಕ್ಕಳಿದ್ದರೆ, ಅದರ ಸ್ವರಗಳು ನಟಭೈರವಿಯ ಸ್ವರಗಳಿಗೆ ಹತ್ತಿರವಿರುವುದನ್ನು ತೋರಿಸಿಕೊಡಿರಿ.

ಅಲ್ಲಿಂದ ಮುಂದೆ ದಡದ ನೋಟಗಳು ಬರುತ್ತವೆ. ಕಾಡಿನೊಳಗಿಂದ ಬೇಟೆಯ ಕೊಂಬುಗಳು, ಆಮೇಲೆ ಹಳ್ಳಿಯ ಮದುವೆಯ ಪೋಲ್ಕ ಕುಣಿತ. ಕುಣಿತ ಹಿಂದಕ್ಕುಳಿದು ಕತ್ತಲಾದಾಗ ಬೆಳದಿಂಗಳಲ್ಲಿ ಜಲಕನ್ಯೆಯರು ಆಡುತ್ತಾರೆ. ಇಡೀ ಕೃತಿಯಲ್ಲಿ ಅತ್ಯಂತ ಮೆಲುದನಿಯ ಭಾಗ ಇದಾದುದರಿಂದ ಸ್ಪೀಕರಿನ ಧ್ವನಿ ಕಡಿಮೆಯಾಯಿತೆಂದು ಯಾರೂ ಎದ್ದು ಹೆಚ್ಚಿಸಬಾರದು, ಏಕೆಂದರೆ ಸ್ವಲ್ಪ ಹೊತ್ತಿನಲ್ಲೇ ಸಂತ ಯೋಹಾನನ ಹೆಸರಿನ ಅಬ್ಬಿಗಳಲ್ಲಿ ನೀರು ಬಂಡೆಗಪ್ಪಳಿಸಿ ಸಿಡಿಯುತ್ತದೆ. ಆ ಅಬ್ಬಿಗಳು ಈಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಡಿಯಲ್ಲಿ ಮುಳುಗಿವೆ, ಅವುಗಳ ಸದ್ದು ಉಳಿದಿರುವುದು ಸ್ಮೆತನಾನ ಸ್ವರಲಿಪಿಯ ಪುಟಗಳಲ್ಲಿ. ಅಬ್ಬಿ ದಾಟಿದೊಡನೆ ಹೊಳೆಯ ರಾಗ ಬಣ್ಣ ಬದಲಿಸುತ್ತದೆ: ಸಾಧಾರಣ ಗಾಂಧಾರದ ಜಾಗಕ್ಕೆ ಅಂತರ ಗಾಂಧಾರ ಬಂದು, ಮುಸ್ಸಂಜೆಯಂತಿದ್ದ ರಾಗ ಹಗಲಾಗುತ್ತದೆ. ಪ್ರಾಗ್‌ನ ವಿಶೆಹ್ರಾದ್ ಕೋಟೆಯನ್ನು ವಂದಿಸಿ ಹೊಳೆ ಕಣ್ಣಿಗೆ ಕಾಣದಷ್ಟು ದೂರ ಸಾಗುತ್ತದೆ. ಸದ್ದು ಅಡಗಿತೆನ್ನುವಾಗ ಎರಡು ಗಟ್ಟಿ ಹೊಡೆತಗಳು. ಮೊದಲನೆಯದಕ್ಕೇ ಚಪ್ಪಾಳೆ ತಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿರಿ. ಸ್ಮೆತನಾನ ಸಮಾಧಿ ಇರುವುದೂ ಅದೇ ವಿಶೆಹ್ರಾದ್‌ನಲ್ಲಿ.

ಯಾವ ಧ್ವನಿಮುದ್ರಣ ಎಂದು ಕೇಳಿದರೆ, ರಫಾಯೆಲ್ ಕುಬೆಲಿಕ್ ನಿರ್ದೇಶನದ್ದನ್ನು ಸೂಚಿಸುತ್ತೇನೆ. 1948ರಲ್ಲಿ ದೇಶ ಬಿಟ್ಟ ಅವರು 42 ವರ್ಷಗಳ ಬಳಿಕ, 1990ರ ಮೇ 12ರಂದು, ಪ್ರಾಗ್‌ಗೆ ಮರಳಿ ಇದೇ ಮಾಲೆಯನ್ನು ನುಡಿಸಿದರು. ಮೇ 12ರ ಸಂಜೆಗೆ ಅದಕ್ಕಿಂತ ತಕ್ಕದ್ದು ನನಗೆ ತಿಳಿದಿಲ್ಲ. ಸ್ಮೆತನಾನ ಸ್ವರಲಿಪಿಯ ಮೇಲೆ ಈಗ ಯಾರ ಹಕ್ಕೂ ಇಲ್ಲ, ಆದರೆ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿರುತ್ತದೆ. ಆದುದರಿಂದ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಸಂಗೀತ ಸಮೇತ ಎಲ್ಲೆಡೆ ಹಂಚುವುದನ್ನು ಬಿಡಿರಿ.

ಸ್ಥಳದ ಸಿದ್ಧತೆ ಸರಳವಾದದ್ದು, ಆದರೂ ಒಂದೆರಡು ಮಾತು ಹೇಳಲೇಬೇಕು. ಮೇ ತಿಂಗಳ ಸಂಜೆ ಗುಡುಗು ಬಂದರೆ ಕರೆಂಟು ಹೋಗುವುದು ಖಂಡಿತ. ಬ್ಯಾಟರಿಯ ಸ್ಪೀಕರನ್ನು ಮಧ್ಯಾಹ್ನವೇ ಚಾರ್ಜ್ ಮಾಡಿ, ಹಾಡನ್ನು ಫೋನಿಗೆ ಇಳಿಸಿಟ್ಟುಕೊಳ್ಳಿರಿ, ನೆಟ್‌ವರ್ಕನ್ನು ನಂಬಬೇಡಿರಿ. ಸ್ಪೀಕರನ್ನು ಕಬ್ಬಿಣದ ಕಪಾಟಿನ ಮೇಲಿಟ್ಟರೆ ತಗಡು ನಡುಗಿ ಕೊಳಲಿನ ಸದ್ದೇ ಕೇಳಿಸದು. ಮರದ ಬೆಂಚಿನ ಮೇಲೆ, ಕೆಳಗೊಂದು ಬೈರಾಸು (ಟವೆಲು) ಮಡಚಿ ಹಾಸಿ ಇಡಬೇಕು. ಫ್ಯಾನನ್ನು ಆ ಹನ್ನೆರಡು ನಿಮಿಷ ನಿಲ್ಲಿಸಿರಿ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ಹತ್ತು-ಹನ್ನೆರಡು ದಿನ ಇರುವುದರಿಂದ ಆಟಗಳು ನಡೆಯುತ್ತಿರುತ್ತವೆ. ಹತ್ತಿರದಲ್ಲಿ ಬಯಲಾಟವಿದ್ದರೆ ನಿಮ್ಮ ಕಾರ್ಯಕ್ರಮ ಐದು ಗಂಟೆಗೆ ಆರಂಭವಾಗಿ ಆರೂವರೆಗೆ ಮುಗಿಯುವಂತಿರಲಿ. ಚೆಂಡೆ-ಮದ್ದಳೆ ಬಲ್ಲವರೊಬ್ಬರು ಸಭೆಯಲ್ಲಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅಬ್ಬಿಯ ಭಾಗದ ತಾಳದ ಬಗ್ಗೆ ಕೊನೆಯಲ್ಲಿ ಅವರಿಂದ ಎರಡು ಮಾತು ಆಡಿಸಿರಿ.

ಬಾಗಿಲ ಬಳಿಯ ಫಲಕದಲ್ಲಿ ಆ ದಿನದ ಬೇರೆ ಸ್ಮರಣೆಗಳಿಗೂ ಒಂದಿಷ್ಟು ಜಾಗ ಕೊಡಬಹುದು. ಮೇ 12 ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಹುಟ್ಟಿದ ದಿನ, ಅಂತಾರಾಷ್ಟ್ರೀಯ ದಾದಿಯರ ದಿನ. ನಮ್ಮ ಹಳ್ಳಿಗಳಿಂದ ನರ್ಸಿಂಗ್ ಕೆಲಸಕ್ಕೆ ದೂರದೂರಿಗೆ ಹೋದ ಹೆಣ್ಣುಮಕ್ಕಳಿದ್ದಾರೆ. ರಜೆಯಲ್ಲಿ ಬಂದವರಿದ್ದರೆ ಅವರನ್ನು ವಿಶೇಷವಾಗಿ ಕರೆಯಿರಿ. ಫ್ರೆಂಚ್ ಸಂಗೀತಕಾರ ಗಾಬ್ರಿಯೆಲ್ ಫೊರೇ ಹುಟ್ಟಿದ್ದೂ 1845ರ ಇದೇ ತಾರೀಖಿನಂದು. ಆದರೆ ಮೂರಕ್ಕಿಂತ ಹೆಚ್ಚು ಹೆಸರು ಬರೆಯಬೇಡಿರಿ. ಒಂದು ತಾರೀಖಿಗೆ ನೂರು ಘಟನೆಗಳು ಸಿಗುತ್ತವೆ, ಎಲ್ಲವನ್ನೂ ಬರೆದ ಫಲಕವನ್ನು ಯಾರೂ ಓದುವುದಿಲ್ಲ.

ಎಲ್ಲ ಮುಗಿದ ಮೇಲೆ ವಾಚನಾಲಯದ ಕಾರ್ಯಕ್ರಮ ಪುಸ್ತಕದಲ್ಲಿ ಅಂದೇ ಬರೆದಿಡಿರಿ: ತಾರೀಖು, ಬಂದವರ ಸಂಖ್ಯೆ, ಕೇಳಿಸಿದ ಕೃತಿ, ನಿರ್ದೇಶಕರ ಹೆಸರು, ಯಾವ ದಿನಾಂಕವನ್ನು ಯಾವ ಪುಸ್ತಕದಿಂದ ಪರೀಕ್ಷಿಸಿದಿರಿ ಎಂಬ ವಿವರ. ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಅವರ ಮಾತಿನಲ್ಲೇ ಬರೆಯಿರಿ. ನಮ್ಮ ಪುಸ್ತಕದಲ್ಲಿ ಒಬ್ಬ ಹುಡುಗಿಯ ಪ್ರಶ್ನೆಯಿದೆ: "ಕಿವಿ ಕೇಳದವರಿಗೆ ಕೊಳಲಿನ ಜಾಗ ಹೇಗೆ ಗೊತ್ತಾಯಿತು?" ಮುಂದಿನ ಸ್ಮರಣೆಗೆ ಬೀಥೋವನ್‌ನನ್ನು ಆರಿಸಿಕೊಂಡದ್ದು ಆ ಪ್ರಶ್ನೆಯಿಂದ. ಅವನ ಜನನದ ದಾಖಲೆಯಾಗಿ ಉಳಿದಿರುವುದು 1770ರ ಡಿಸೆಂಬರ್ 17ರ ದೀಕ್ಷಾಸ್ನಾನದ ತಾರೀಖು ಮಾತ್ರವಾದುದರಿಂದ ಫಲಕದಲ್ಲಿ 'ಜನನ' ಎನ್ನದೆ 'ದೀಕ್ಷಾಸ್ನಾನ' ಎಂದೇ ಬರೆಯಲಾಗುವುದು.